ಮಿಸ್ ವರ್ಡೆಲ್ ಬಿಟ್ಟುಹೋದ ಮನೆ

ಕ್ಲೀವ್‌ಲ್ಯಾಂಡಿನ ಪೂರ್ವ ಭಾಗದಲ್ಲಿ, ನಮ್ಮ ಕಪ್ಪು ಜನರ ಓಣಿಗಳಲ್ಲಿ, ಹತ್ತೊಂಬತ್ತು ವರ್ಷ ಮನೆಮನೆಗೆ ಅಂಚೆ ಹಂಚಿದವನು ನಾನು. ನನ್ನ ದಾರಿಯಲ್ಲಿ ನಾನೂರು ಚಿಲ್ಲರೆ ಮನೆಗಳಿದ್ದವು. ನಾನು ಹೆದರುತ್ತಿದ್ದದ್ದು ಮೂರು ನಾಯಿಗಳಿಗೆ ಮತ್ತು ಮಿಸ್ ವರ್ಡೆಲ್ ಟಾಲಿವರ್ ಅವರಿಗೆ.

"ಏನಯ್ಯಾ ಕ್ಲಿಯೋ, ಲಕೋಟೆನ ಹಿಂಗೆ ಮಡಚಿ ತುರುಕ್ತೀಯಲ್ಲ, ಇದು ನಿಮ್ಮಪ್ಪನ ಮನೆ ಡಬ್ಬನಾ?" ಎಂದು ಜಗಲಿಯ ಮೇಲಿಂದಲೇ ಶುರುಮಾಡುತ್ತಿದ್ದರು.

"ತಪ್ಪಾಯ್ತು ಮಿಸ್ ವರ್ಡೆಲ್."

"ತಪ್ಪಾಯ್ತು ಅನ್ನೋದು ನಿಂಗೆ ಬಾಯಿಪಾಠ ಆಗಿದೆ. ಬಾ, ಗೆಣಸಿನ ಪೈ ಇದೆ, ತಿಂದು ಹೋಗು. ನಿಂತ್ಕೊಂಡು ತಿನ್ಬೇಡ, ನಾನೇನು ಭಿಕ್ಷೆ ಹಾಕ್ತಿದೀನಾ?"

ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದ ಕೈ ಅದು. ಭಾನುವಾರ ಚರ್ಚಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ಬಾಗಿಲಲ್ಲಿ ನಿಂತು ಜನರನ್ನು ಕೂರಿಸುತ್ತಿದ್ದರು. ತಡವಾಗಿ ಬಂದವನು ಮೇಯರನೇ ಆಗಲಿ, ಹಿಂದಿನ ಬೆಂಚೇ ಗತಿ. ಹಿರಿಯ ಹೆಂಗಸರಿಗೆ, ಮದುವೆಯಾದವರಿಗೂ, ನಮ್ಮಲ್ಲಿ 'ಮಿಸ್' ಎನ್ನುವುದು ಗೌರವ. ಗಂಡ ರಾಸ್ಕೋ ತೀರಿಕೊಂಡ ಮೇಲೂ ಒಂದು ದಿನ ತಲೆ ಬಗ್ಗಿಸಿದವರಲ್ಲ.

ಆ ಮನೆಯನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕೊಂಡಿದ್ದರು. ರಾಸ್ಕೋ ಬದುಕಿದ್ದಾಗ ಚಾವಣಿ ಸೋರುತ್ತದೆಂದು ಮನೆಯ ಮೇಲೆ ಹೊಸ ಸಾಲ ತೆಗೆದಿದ್ದರು. ಮೊದಲೆರಡು ವರ್ಷ ಕಡಿಮೆ ಬಡ್ಡಿ. ಆಮೇಲೆ ಅದು ಏರಿತು. ಅಷ್ಟರಲ್ಲಿ ರಾಸ್ಕೋ ಹೋಗಿಯಾಗಿತ್ತು. ಕಂತು ಕಟ್ಟಲಾಗದೆ ಅವರು ಬ್ಯಾಂಕಿಗೆ ಫೋನು ಮಾಡಿದರು. ಪ್ರತಿ ಸಲ ಬೇರೆ ಹುಡುಗಿ, ಬೇರೆ ಊರು. ಬ್ಯಾಂಕು ಕೇಳಿದ ಕಾಗದಗಳನ್ನೇ ನಾಲ್ಕು ಸಲ ಕಳಿಸಿಕೊಟ್ಟರು. ನಾಲ್ಕು ಸಲವೂ ಬ್ಯಾಂಕಿನವರು "ಬಂದಿಲ್ಲ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರು ಯಾರೆಂಬುದೇ ತಿಳಿಯಲಿಲ್ಲ. ಆ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಮೂರು ಸಲ ಮಾರಿದ್ದರಂತೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಅವರಿಗೆ ಸಹಿ ಹಾಕಿಸಿಕೊಂಡು ಕೊಡಬೇಕಾದ ದಪ್ಪ ಲಕೋಟೆಯೊಂದು ಬಂತು. ಆ ವರ್ಷ ಅಂಥವನ್ನು ನಾನು ದಿನಕ್ಕೆ ಐದಾರು ಕೊಡುತ್ತಿದ್ದೆ. ಅವರು ಸಹಿ ಹಾಕಿದರು, ನನ್ನ ಎದುರಿಗೇ ಒಡೆದರು, ಮೊದಲ ಹಾಳೆ ಓದಿದರು.

"ನನ್ ಮೇಲೆ ಕೇಸು ಹಾಕಿದಾರೆ ಕಣೋ. ನನ್ ಹೆಸರು ಕೋರ್ಟಲ್ಲಿ."

ಎರಡನೆಯ ಹಾಳೆ ತಿರುಗಿಸಲಿಲ್ಲ. ಇಪ್ಪತ್ತೆಂಟು ದಿನದೊಳಗೆ ಉತ್ತರ ಕೊಡಿ ಎಂದು ಅದರಲ್ಲಿತ್ತು. ಅದರ ಹಿಂದೆ ಇನ್ನೊಂದು ಅರ್ಜಿ: ಅದನ್ನು ತುಂಬಿ ಕಳಿಸಿದರೆ ಕೋರ್ಟೇ ಬ್ಯಾಂಕಿನವರನ್ನೂ ಮನೆಯವರನ್ನೂ ಒಂದೇ ಮೇಜಿಗೆ ಕೂರಿಸಿ ಮಾತಾಡಿಸುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಆ ದಿನ ನಾನೂ ಏನಿದೆ ಎಂದು ಕೇಳಲಿಲ್ಲ. ಕೋರ್ಟಿನ ಕಾಗದ ಹಿಡಿದು ನಿಂತವರ ಮುಖ ನೋಡಬಾರದು ಎಂಬುದು ನಮ್ಮಲ್ಲಿ ಮರ್ಯಾದೆ. ನಾನು ಆಕಾಶ ನೋಡುತ್ತ ನಿಂತಿದ್ದೆ.

ಮಿಸ್ ವರ್ಡೆಲ್ ಒಂಬತ್ತು ವರ್ಷದವರಿದ್ದಾಗ, ಬಾಡಿಗೆ ಮನೆಯೊಂದರಿಂದ ಅವರ ತಾಯಿಯ ಸಾಮಾನನ್ನು ಕೋರ್ಟಿನ ಹುಕುಂ ಹಿಡಿದು ಬಂದ ಶೆರಿಫನ ಜನ ಬೀದಿಗೆ ಹಾಕಿದ್ದರಂತೆ. ಹಾಸಿಗೆ, ಪಾತ್ರೆ, ಒಳಬಟ್ಟೆ ಎಲ್ಲ ಬೀದಿಯಲ್ಲಿ. ಓಣಿಯವರು ಬಂದು ಬೇಕಾದ್ದನ್ನು ಆರಿಸಿಕೊಂಡು ಹೋದರಂತೆ. ತಾಯಿ ಆ ಹಾಸಿಗೆಯ ಮೇಲೆ ಸಂಜೆಯವರೆಗೆ ಕೂತಿದ್ದಳಂತೆ. ನಮ್ಮ ಜನರಲ್ಲಿ ಅರ್ಧದಷ್ಟು ಮನೆಗಳಲ್ಲಿ ಇಂಥ ಕಥೆ ಇದೆ. ಹಾಗಾಗಿಯೇ ನಮ್ಮಲ್ಲೊಂದು ನಡವಳಿಕೆ: ಶೆರಿಫನವರು ಬಂದು ಹೊರಗೆ ಹಾಕುವ ಮುಂಚೆ ನಾವೇ ಹೋಗುವುದು. ಹೊರಗಿನವರು ಇದನ್ನು ದಡ್ಡತನ ಅನ್ನುತ್ತಾರೆ. ಅನ್ನಲಿ. ಅವರ ಹಾಸಿಗೆಯನ್ನು ಯಾರೂ ಬೀದಿಗೆ ಎಳೆದಿಲ್ಲ.

ನವೆಂಬರಿನ ಒಂದು ಶನಿವಾರ ಸಾಮಾನು ಸಾಗಿಸಲು ಚರ್ಚಿನವರ ಟ್ರಕ್ ಬಂತು. ಮಿಸ್ ವರ್ಡೆಲ್ ಒಲೆ ತಿಕ್ಕಿ, ನೆಲ ಒರೆಸಿ, ಕಿಟಕಿ ಗಾಜು ಉಜ್ಜಿ ಹೊರಬಿದ್ದರು.

"ಬಿಟ್ಟು ಹೋಗೋ ಮನೇನ ಇಷ್ಟು ಯಾಕೆ ಉಜ್ಜುತ್ತೀರಿ ಮಿಸ್ ವರ್ಡೆಲ್?" ಎಂದೆ.

"ಬ್ಯಾಂಕಿನವರು ಬಂದು ನೋಡಿ, ಟಾಲಿವರ್ ಮನೆಯೋರು ಕೊಳಕರು ಅನ್ಬಾರ್ದು."

ಅವರು ಪಟ್ಟಣದ ಆಚೆ ಬದಿಯಲ್ಲಿದ್ದ ತಂಗಿ ಓಝೆಲ್ಲಾಳ ಎರಡು ಕೋಣೆಯ ಮನೆಗೆ ಹೋದರು, ಸೋಫಾದ ಮೇಲೆ ಮಲಗತೊಡಗಿದರು. ಎರಡು ದಿನ ಬಿಟ್ಟು, ಸೋಮವಾರ, ಜಿಲ್ಲೆಯ ನೆರವು ಕೇಂದ್ರದ ಕರಪತ್ರವನ್ನು ನಾನು ಎಲ್ಲ ಡಬ್ಬಗಳಿಗೂ ಹಾಕಿದೆ. ಪಿಜ್ಜಾ ಅಂಗಡಿಯ ಕೂಪನ್ನುಗಳ ಜೊತೆಗೇ. 'ಮನೆ ಬಿಟ್ಟು ಹೋಗಬೇಡಿ, ಮೊದಲು ನಮ್ಮನ್ನು ಕಾಣಿ' ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿತ್ತು. ಅವರ ಖಾಲಿ ಮನೆಯ ಡಬ್ಬಕ್ಕೂ ಒಂದು ಹಾಕಿದೆ.

ವಿಳಾಸ ಬದಲಾದವರ ಕಾಗದವನ್ನು ನಾವು ಒಂದು ವರ್ಷ ಹೊಸ ವಿಳಾಸಕ್ಕೆ ಕಳಿಸುತ್ತೇವೆ. ಆಮೇಲೆ ಹಳದಿ ಚೀಟಿ ಅಂಟಿಸಿ ಬಂದಲ್ಲಿಗೇ ವಾಪಸು. ಮಿಸ್ ವರ್ಡೆಲ್ ಹೋದ ಹದಿನಾಲ್ಕನೆಯ ತಿಂಗಳಲ್ಲಿ, ಜನವರಿಯ ಹಿಮದಲ್ಲಿ, ಕೋರ್ಟಿನಿಂದ ಅವರ ಹೆಸರಿಗೆ ತೆಳ್ಳನೆಯ ಲಕೋಟೆಯೊಂದು ಬಂತು. ಅವಧಿ ಮುಗಿದಿತ್ತು. ನಾನು ಹಳದಿ ಚೀಟಿ ಅಂಟಿಸಿದೆ.

ಮೂರೇ ದಿನಕ್ಕೆ ಭಾನುವಾರ ಬಂತು. ಚರ್ಚಿನ ಬಾಗಿಲಲ್ಲಿ ಅವರು ನನ್ನ ಟೈ ಸರಿಮಾಡಿದರು. ಕೋರ್ಟಿನಿಂದ ನಿಮಗೊಂದು ಕಾಗದ ಬಂದಿತ್ತು ಎಂದು ಒಂದು ಮಾತು ಹೇಳಬಹುದಿತ್ತು. ಹತ್ತು ಜನರ ಎದುರಿಗೆ ಕೋರ್ಟು ಎಂಬ ಶಬ್ದ ಎತ್ತಿ ಅವರ ಮಾನ ಕಳೆಯುವುದು ಬೇಡವೆಂದು ಬಾಯಿ ಮುಚ್ಚಿಕೊಂಡೆ. ಸಭ್ಯತೆ! ಆ ಸಭ್ಯತೆಗೆ ಬೆಂಕಿ ಹಾಕಬೇಕು.

ಅತ್ತ ಮನೆ ಒಂದೊಂದಾಗಿ ಕಳಚಿಕೊಳ್ಳುತ್ತಿತ್ತು. ಮೊದಲು ಕಳ್ಳರ ಕೈಗೆ ತಾಮ್ರದ ಕೊಳವೆಗಳು ಹೋದವು. ಆಮೇಲೆ ನೀರು ಕಾಯಿಸುವ ಹಂಡೆ, ಹೊರಗೋಡೆಯ ಅಲ್ಯೂಮಿನಿಯಂ ಹೊದಿಕೆ. ಒಂದು ಬೇಸಿಗೆಯಲ್ಲಿ ಅಡುಗೆಮನೆಗೆ ಬೆಂಕಿ ಬಿತ್ತು. ದಿನವೂ ಅದರ ಮುಂದೆ ಹಾದುಹೋಗುತ್ತಿದ್ದೆ, ಬ್ಯಾಂಕಿನವರನ್ನು ಬೈಯುತ್ತಿದ್ದೆ: ತಗೊಂಡ ಮನೇನ ನೋಡ್ಕೊಳ್ಳೋ ಯೋಗ್ಯತೆ ಇಲ್ಲ ಇವಕ್ಕೆ!

ಎರಡನೆಯ ವರ್ಷದ ಕೊನೆಗೆ ನಗರಸಭೆಯ ನೋಟೀಸು ಓಝೆಲ್ಲಾಳ ಮನೆಬಾಗಿಲಿಗೇ ಬಂತು. ದಂಡ ಹಾಕುವವರಿಗೆ ವಿಳಾಸ ಹೇಗೋ ಸಿಗುತ್ತದೆ. ಹುಲ್ಲು ಕೊಯ್ದಿಲ್ಲ, ಕಿಟಕಿ ಮುಚ್ಚಿಲ್ಲ, ಕೋರ್ಟಿಗೆ ಬಂದು ಉತ್ತರ ಹೇಳಿ ಎಂದಿತ್ತು. ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವರು ನನ್ನನ್ನು ಮೂಲೆಗೆ ಕರೆದರು.

"ಬೇರೆಯೋರ ಮನೆ ಹುಲ್ಲಿಗೆ ನಾನ್ಯಾಕಪ್ಪಾ ಉತ್ತರ ಹೇಳ್ಲಿ?"

ಸೋಮವಾರ ರಜೆ ಹಾಕಿ, ಅವರನ್ನು ಬಡವರಿಗೆ ಪುಕ್ಕಟೆ ಕಾನೂನು ಹೇಳುವ ಕಚೇರಿಗೆ ಕರೆದುಕೊಂಡು ಹೋದೆ. ಹಲೀನಾ ಎಂಬ ವಕೀಲೆ ಕಂಪ್ಯೂಟರು ನೋಡಿದಳು, ಮತ್ತೊಮ್ಮೆ ನೋಡಿದಳು.

"ಅಮ್ಮಾ, ಮನೆ ನಿಮ್ಮ ಹೆಸರಲ್ಲೇ ಇದೆ."

"ಬ್ಯಾಂಕ್ ತಗೊಂಡ್ತಲ್ಲಮ್ಮಾ."

"ತಗೊಂಡಿಲ್ಲ. ಹರಾಜಿಗೆ ಇಟ್ಟಿದ್ರು, ಯಾರೂ ಕೂಗ್ಲಿಲ್ಲ. ಈ ಮನೆಯಿಂದ ನಮಗೇನೂ ಹುಟ್ಟಲ್ಲ ಅಂತ ಅವರೇ ಕೇಸು ವಾಪಸ್ ತಗೊಂಡ್ರು. ಹೋದ ಜನವರಿಯಲ್ಲಿ ಕೋರ್ಟು ನಿಮಗೆ ಕಾಗದ ಕಳಿಸಿದೆ. ಈ ರಾಜ್ಯದಲ್ಲಿ ಹರಾಜಾಗಿ, ಅದನ್ನ ಜಡ್ಜು ಒಪ್ಪೋವರೆಗೂ ಮನೆ ನಿಮ್ದೇ. ಅಲ್ಲೀವರೆಗೆ ಯಾರೂ ನಿಮ್ಮನ್ನ ಹೊರಗೆ ಹಾಕೋ ಹಾಗಿರ್ಲಿಲ್ಲ."

ಮಿಸ್ ವರ್ಡೆಲ್ ಪರದೆಯ ಕಡೆ ಬಗ್ಗಿ ತಮ್ಮ ಹೆಸರು ಓದಿದರು.

"ಅಂದ್ರೆ ಈ ಎರಡು ವರ್ಷ ನಾನು ನನ್ ಮಂಚದ ಮೇಲೆ ಮಲಗ್ಬೋದಿತ್ತಾ?"

"ಹೌದಮ್ಮಾ."

"ಈಗ ಏನಾದ್ರೂ ಸಹಾಯ ಇದ್ಯಾ?" ಎಂದು ನಾನೇ ಕೇಳಿದೆ.

"ರಾಜ್ಯದವರು ಒಂದು ನಿಧಿ ಇಟ್ಟಿದಾರೆ. ಒಳ್ಳೇದೇ. ಆದ್ರೆ ಆ ಮನೇಲಿ ವಾಸ ಇರೋರಿಗೆ ಮಾತ್ರ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಮ್ಮದು ಹಾಗೂ ಅಲ್ಲ, ನಾವೇ ಬಾಗಿಲು ತೆರೆದಿಟ್ಟು ಬಂದಿದ್ದೆವು.

ಕಾರಿನಲ್ಲಿ ನಾನು ತಡೆಯಲಾರದೆ ಆ ಲಕೋಟೆಯ ವಿಷಯ ಹೇಳಿಬಿಟ್ಟೆ. ಹಳದಿ ಚೀಟಿ ಅಂಟಿಸಿದವನು ನಾನೇ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

"ನೀನು ನಿನ್ ಕೆಲಸ ಮಾಡ್ದೆ," ಎಂದರು. ಅವರು ನನಗೆ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು.

ನಗರಸಭೆಯ ಕೋರ್ಟಿನ ಜಡ್ಜು ಕೆಟ್ಟವರಲ್ಲ. ದಂಡ ಬಿಟ್ಟರು. ಮನೆ ಕೆಡವಲು ಒಪ್ಪಿಗೆ ಕೊಟ್ಟರೆ ಸಾಕು ಎಂದರು. ಬೇರೆ ದಾರಿ ಏನಿತ್ತು? ಮಿಸ್ ವರ್ಡೆಲ್ ಒಪ್ಪಿದರು.

ಕೆಡವುವ ದಿನ ಬೆಳಿಗ್ಗೆ, ಬರಬೇಡಿ ಎಂದು ನಾನು ಎಷ್ಟು ಹೇಳಿದರೂ ಕೇಳದೆ ಅವರು ಬಂದರು. ಭಾನುವಾರದ ಕೋಟು, ಟೋಪಿ ಹಾಕಿದ್ದರು. ಯಂತ್ರದವನು ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಪೆನ್ನು ಹಿಡಿದು ರಸ್ತೆಗೆ ಬಂದು, ಸುತ್ತ ನಿಂತಿದ್ದ ಏಳೆಂಟು ಜನರನ್ನು ನೋಡಿ ಕೂಗಿದ:

"ಈ ಮನೆ ಯಾರ್ದು? ಒಳಗೆ ಯಾರೂ ಇಲ್ಲ ಅಂತ ಒಂದು ಸಹಿ ಬೇಕಿತ್ತು."

ಮಿಸ್ ವರ್ಡೆಲ್ ಮುಂದೆ ಹೋಗಿ, ಕೈಗವಸು ಕಳಚಿ, ಪೆನ್ನು ತೆಗೆದುಕೊಂಡರು.

"ನಂದು," ಎಂದರು.