ಕಣ್ಣು ಮುಚ್ಚಿ ಕೂತವರ ಬೆಂಚು

ಕಣ್ಣಿಗೆ ಹಾಕಿದ ಔಷಧಿ ಗಂಟಲಿಗೆ ಇಳಿಯುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೊನ್ನೆ ತೇನಿಯ ಕಣ್ಣಾಸ್ಪತ್ರೆಯಲ್ಲಿ ಸಿಸ್ಟರ್ ನನ್ನ ಎರಡೂ ಕಣ್ಣಿಗೆ ಹನಿ ಬಿಟ್ಟು, ಕರೆಯುವವರೆಗೆ ಮುಚ್ಚಿಕೊಂಡೇ ಇರಿ ಎಂದು ಹೇಳಿ ಹೋದಳು. ಸ್ವಲ್ಪ ಹೊತ್ತಿಗೆಲ್ಲ ನಾಲಿಗೆಯ ಬುಡದಲ್ಲಿ ಆ ಹಳೆಯ ಕಹಿ ಹತ್ತಿತು.

ನನ್ನ ಬಲಗಣ್ಣಿನ ಅರ್ಧ ನೋಟ ಹೋಗಿ ವರ್ಷವಾಯಿತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಹೋದದ್ದು ಮರಳುವುದಿಲ್ಲ ಎಂದು ಆಗಲೇ ಹೇಳಿದ್ದರು. ಎಡಗಣ್ಣಿಗೂ ಅದು ಹತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾಗಿದ್ದ ದಿನ ಮೊನ್ನೆ. ಒಂದು ಯಂತ್ರದೊಳಗೆ ಗದ್ದ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಜಾಣೆ, ಕಾಣದಾಗಲೂ ಕೆಲವು ಸಲ ಒತ್ತಿದೆ. ಪರೀಕ್ಷೆಯಲ್ಲಿ ಉತ್ತರ ಬರೆಯದೆ ಖಾಲಿ ಬಿಟ್ಟು ಬರುವ ಅಭ್ಯಾಸ ಶಾಲೆಯಲ್ಲೂ ನನಗಿರಲಿಲ್ಲ. ಅಂಥ ಕಳ್ಳತನ ಯಂತ್ರಕ್ಕೆ ತಿಳಿಯುತ್ತದಂತೆ. ಹನಿ ಹಾಕಿಸಿಕೊಂಡು ನಾನು ಬೆಂಚಿನಲ್ಲಿ ಕೂತೆ, ಡಾಕ್ಟರು ನನ್ನ ಜೊತೆಗೆ ಬಂದಿದ್ದ ಮಗಳೊಬ್ಬಳನ್ನೇ ಒಳಗೆ ಕರೆದರು. ಬಾಯಿ ಕಹಿ, ಕಣ್ಣು ಕತ್ತಲೆ, ಮಾಡಲು ಕೆಲಸವಿಲ್ಲ. ಅವ್ವನ ನೆನಪು ಬಾರದೆ ಇನ್ನೇನು ಬಂದೀತು?

ಅವ್ವನ ವಿಷಯಕ್ಕೆ ಬರುವ ಮೊದಲು ನಮ್ಮ ಮಾತಿನ ವಿಷಯ ಒಂದಿಷ್ಟು ಹೇಳಬೇಕು. ನಾವು ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿರುವ ಕನ್ನಡದವರು. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಅದೂ ಎಂಥ ಕನ್ನಡ ಅಂತೀರಿ. ಮದುವೆಯಾದ ಹೊಸತರಲ್ಲಿ, ಗಂಡನ ಕೆಲಸದ ದೆಸೆಯಿಂದ ಕೆಲವು ವರ್ಷ ಮೈಸೂರಿನಲ್ಲಿದ್ದಾಗ, ನಾನು ಬಾಯಿ ಬಿಟ್ಟರೆ ಸಾಕು, ಪಕ್ಕದ ಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಆ ಅವಮಾನಕ್ಕೇ ಹಟ ಹಿಡಿದು ಅಕ್ಷರ ಕಲಿತೆ. ಈಗ ಬರೆಯುವುದು ಅವರ ಕನ್ನಡ, ಬೈಯುವುದು ನಮ್ಮ ಕನ್ನಡ.

ನಮ್ಮೂರ ಕಡೆ ಈ ಮಾತಿಗೆ ಬೇರೆಯೇ ಒಂದು ಉಪಯೋಗವಿತ್ತು. ಸೀರೆ ಅಂಗಡಿಯಲ್ಲಿ ಅಂಗಡಿಯವನ ಎದುರೇ, ಇದು ಬಣ್ಣ ಬಿಡುವ ಸೀರೆ, ಎದ್ದೇಳು ಎನ್ನಬಹುದಿತ್ತು. ಬೋಡಿಗೆ ಹೋಗುವ ಬಸ್ಸಿನಲ್ಲಿ ಎದುರು ಸೀಟಿನ ಗಂಡ ಹೆಂಡಿರ ಜಗಳದಲ್ಲಿ ತಪ್ಪು ಯಾರದೆಂದು ತೀರ್ಪು ಕೊಡಬಹುದಿತ್ತು. ನಾಲ್ಕು ಜನರ ನಡುವೆ ಕನ್ನಡ ಮಾತಾಡುವುದೆಂದರೆ ನಮಗೆ ಬಾಗಿಲು ಹಾಕಿಕೊಂಡು ಮಾತಾಡಿದ ಹಾಗೆ. ಅವ್ವನಿಗಂತೂ ಇದು ಎಲೆ ಅಡಿಕೆಗಿಂತ ದೊಡ್ಡ ಚಟ.

ಅವ್ವನ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಪೊರೆ ಚೆನ್ನಾಗಿ ಬಲಿತ ಮೇಲೆಯೇ ತೆಗೆಸಬೇಕು, ಎಳಸಿದ್ದಾಗ ಕೈ ಹಚ್ಚಿದರೆ ಕಣ್ಣು ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಎಲ್ಲ ಬೆಳೆ ಕೊಯ್ಯುವವರ ಲೆಕ್ಕಾಚಾರ. ದ್ರಾಕ್ಷಿ ಬಲಿಯಲಿ, ಏಲಕ್ಕಿ ಬಲಿಯಲಿ, ಕಣ್ಣೂ ಬಲಿಯಲಿ. ಹಾಗೆಲ್ಲ ಕಾಯಬಾರದು ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದು ದಿನ ಸಾರಿನಲ್ಲಿ ಬಿದ್ದಿದ್ದ ಹಲ್ಲಿ ಕಾಣದೆ ಬಡಿಸಲು ಹೊರಟಳು ನೋಡಿ, ಆವತ್ತು ಒಪ್ಪಿದಳು.

ಹೀಗೆ ಅವಳನ್ನು ತೇನಿಗೆ ಕರೆದುಕೊಂಡು ಬಂದೆ. ಹನಿ ಹಾಕುವ ಮೊದಲು, ಆಪರೇಷನ್ನಿನ ವಿವರ ಹೇಳುವ ಮೇಜಿನ ಮುಂದೆ ಅವಳು ಸರದಿಯಲ್ಲಿ ನಿಂತಿದ್ದಳು. ಅವಳ ಮುಂದೆ ಒಬ್ಬ ತರುಣ. ತಂದೆಯನ್ನು ದೂರದ ಕುರ್ಚಿಯಲ್ಲಿ ಕೂರಿಸಿ ಬಂದು, ಮೇಜಿನ ಹೆಂಗಸಿನ ಬಳಿ ತಮಿಳಿನಲ್ಲಿ ತಗ್ಗಿದ ದನಿಯಲ್ಲಿ ಬೇಡಿಕೊಳ್ಳುತ್ತಿದ್ದ. ಆ ಹಸಿರು ಟವಲಿನವರು ನಮ್ಮಪ್ಪ, ಅವರಿಗೆ ಮಾತ್ರ ಹೇಳಬೇಡಿ, ಕೇಳಿದರೆ ಪೊರೆ ಇನ್ನೂ ಬಲಿತಿಲ್ಲ ಎನ್ನಿ ಎಂದು. ಅವ್ವನ ಕಣ್ಣಿಗೆ ಪೊರೆ ಬಂದಿತ್ತೇ ಹೊರತು ಕಿವಿಗಲ್ಲ.

ಬೆಂಚಿಗೆ ಬಂದು ನನ್ನ ಪಕ್ಕ ಕೂತಳು, ಹನಿ ಹಾಕಿಸಿಕೊಂಡಳು, ಕಣ್ಣು ಮುಚ್ಚಿದಳು. ನೀವು ಗಮನಿಸಿದ್ದೀರೋ ಇಲ್ಲವೋ, ಕಣ್ಣು ಮುಚ್ಚಿಕೊಂಡವರು ತುಸು ಜೋರಾಗಿಯೇ ಮಾತಾಡುತ್ತಾರೆ. ತುಂಡು ಎಂದರೆ ನಮ್ಮಲ್ಲಿ ಹೆಗಲ ಮೇಲಿನ ಟವಲು, ಪಚ್ಚೆ ಎಂದರೆ ಹಸಿರು, ಪಾವಂ ಎಂದರೆ ಪಾಪ. ಅವ್ವ ಶುರುಮಾಡಿದಳು.

‘ಪಚ್ಚೆ ತುಂಡು ಹಾಕ್ಕಂಡವ್ರಲ್ಲ, ಪಾವಂ ಅವ್ರು. ಕಣ್ಣು ಇನ್ನು ಬರಾಕಿಲ್ಲಂತೆ. ನರ ಒಣಗೋಗೈತಂತೆ. ಆ ಮಗ ಅವ್ರ ತಾವ, ಪೊರೆ ಬಲೀಲಿ, ಆಪರೇಷನ್ ಮಾಡಿಸಾನ ಅಂತ ಯೋಳ್ಕಂಡು ತಿರುಗ್ತಾವ್ನೆ.’

ಅಷ್ಟರಲ್ಲಿ ಹಸಿರು ಟವಲಿನವರಿಗೂ ಹನಿ ಹಾಕಿ, ಸಿಸ್ಟರ್ ಕೈಹಿಡಿದು ತಂದು ಅವ್ವನ ಇನ್ನೊಂದು ಪಕ್ಕದಲ್ಲೇ ಕೂರಿಸಿದ್ದಳು. ಕಣ್ಣು ಮುಚ್ಚಿದ್ದ ಅವ್ವನಿಗೆ ಅದು ತಿಳಿಯದು. ನನಗೆ ಕಾಣುತ್ತಿತ್ತು. ಆದರೆ ತಂದೆ ಮಗ ಇಬ್ಬರೂ ತಮಿಳಿನಲ್ಲೇ ಮಾತಾಡುತ್ತಿದ್ದುದನ್ನು ಕೇಳಿದ್ದೆ. ನಮ್ಮ ಬಾಗಿಲು ಹಾಕಿಯೇ ಇದೆ ಎಂದುಕೊಂಡು ಸುಮ್ಮನಿದ್ದೆ.

ಅವರು ಮುಚ್ಚಿದ ಕಣ್ಣಿನಲ್ಲೇ ಅವ್ವನ ಕಡೆ ತಿರುಗಿದರು. ‘ಯಾವೂರವ್ವ ನಿಮ್ದು?’

ನಮ್ಮದೇ ಕನ್ನಡ. ಅವ್ವ ಸೆರಗು ಎಳೆದುಕೊಂಡು ಊರ ಹೆಸರು ಹೇಳಿದಳು. ಅವರು ದಿಂಡಿಗಲ್ ಕಡೆಯವರು, ಮಲ್ಲಿಗೆ ಬೆಳೆಯುವವರು. ಮಗನಿಗೆ ತೇನಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಸೊಸೆ ತಮಿಳಿನವಳು, ಮನೆಯಲ್ಲಿ ಎಲ್ಲ ತಮಿಳೇ, ಹೆಂಡತಿ ಹೋದ ಮೇಲೆ ಈ ಮಾತು ಕಿವಿಗೆ ಬಿದ್ದದ್ದು ಇವತ್ತೇ ಎಂದರು. ಎಂಥ ದಿನ ಎಂಥ ಮಾತು ಬಿತ್ತು ನೋಡಿ. ಈಗ ನೀವು ಹೇಳಿದ್ದು ನನ್ನ ವಿಷಯವೇ ಎಂದು ಕೇಳಿದರು. ಅವ್ವ, ಅಲ್ಲ, ಅದು ಬೇರೆ ಯಾರೋ ಎಂದಳು. ಅವರು ಹೆಗಲು ತಡಕಿ ಟವಲಿನ ಅಂಚು ಹಿಡಿದುಕೊಂಡರು.

‘ಪಚ್ಚೆ ತುಂಡು ನಂದೇ ಅಲ್ವಾ. ನೀನೂ ಸುಳ್ಳು ಯೋಳಬ್ಯಾಡವ್ವ. ಎಲ್ರ ತಾವೂ ಕೇಳಿ ಕೇಳಿ ಸಾಕಾಗೈತೆ.’

‘ನಿಮ್ದೇ ಅಣ್ಣ.’

‘ಎರಡೂವಾ?’

‘ಎರಡೂ ಅಂದ್ರು.’

ಅವರು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಮೊಗ್ಗು ಯಾವ ಹೊತ್ತಿನಲ್ಲಿ ಕೀಳಬೇಕೆಂದು ಬಲ್ಲವನು ನಾನು, ಇದನ್ನು ಪೊರೆ ಎಂದುಕೊಂಡು ಬಲಿಯಲಿ ಬಲಿಯಲಿ ಎಂದು ಕಾದೆ ಎಂದಷ್ಟೇ ಹೇಳಿದರು. ಆಮೇಲೆ ಅವ್ವನ ಬಳಿ ಒಂದೇ ಒಂದು ಮಾತು ಕೇಳಿಕೊಂಡರು. ತನಗೆ ತಿಳಿಯಿತೆಂಬುದು ಮಗನಿಗೆ ತಿಳಿಯಬಾರದು, ಅವನು ತಡೆದುಕೊಳ್ಳುವವನಲ್ಲ.

ಮಗ ಟೀ ಹಿಡಿದುಕೊಂಡು ನಗುನಗುತ್ತಾ ಬಂದ. ಪೊಂಗಲ್ ಕಳೆದ ಮೇಲೆ ಬರಬೇಕಂತೆ, ಅಷ್ಟರಲ್ಲಿ ಪೂರ್ತಿ ಬಲಿಯುತ್ತದಂತೆ ಎಂದು ತಮಿಳಿನಲ್ಲಿ ಹೇಳಿದ. ಸರಿಯಪ್ಪ, ಆತುರವೇನು, ಬಲಿಯಲಿ ಬಿಡು ಎಂದು ತಂದೆ ತಮಿಳಿನಲ್ಲೇ ಉತ್ತರ ಕೊಟ್ಟು ಟೀ ಕುಡಿದರು. ಹೋಗುವಾಗ ನಮ್ಮತ್ತ ಕೈ ಮುಗಿಯಲೂ ಇಲ್ಲ. ಮಗನಿಗೆ ಅನುಮಾನ ಬರಬಾರದಲ್ಲ. ಇತ್ತ ಅವ್ವನ ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಸಿಸ್ಟರ್ ಬಂದು, ಆಪರೇಷನ್ನಿಗೆ ಇಷ್ಟು ಹೆದರಿಕೆಯೇ, ಅತ್ತರೆ ಔಷಧಿಯೆಲ್ಲ ತೊಳೆದುಹೋಗುತ್ತದೆ ಎಂದು ಗದರಿ, ಮತ್ತೆ ಹನಿ ಹಾಕಿ ಹೋದಳು. ಅವ್ವ ಮತ್ತೆ ಅತ್ತಳು. ಸಿಸ್ಟರ್ ಮತ್ತೆ ಹಾಕಿದಳು.

ಅವ್ವನ ಕಣ್ಣು ಚೆನ್ನಾಗಿ ಬಂತು. ಅಕ್ಕಿಯಲ್ಲಿ ಕಲ್ಲು ಹೆಕ್ಕುವಷ್ಟು ಬಂತು. ಆದರೆ ಆವತ್ತಿನಿಂದ ಸಾಯುವವರೆಗೆ ಅವಳು ಹೊಸ್ತಿಲು ದಾಟಿದರೆ ಒಂದು ಕನ್ನಡ ಮಾತು ಆಡಲಿಲ್ಲ. ಸೀರೆ ಅಂಗಡಿಯಲ್ಲಿ ಬಣ್ಣ ಬಿಡುವ ಸೀರೆಯನ್ನೇ ಸುಮ್ಮನೆ ಕೊಂಡು ತಂದಳು. ಆವತ್ತಿನ ಸುದ್ದಿ ಹೇಳಬೇಕಾಗಿದ್ದವನು ಆ ಮಗ, ನಾನು ಯಾರು ಹೇಳಲು ಎಂದು ಕೊರಗುತ್ತಿದ್ದಳು. ನನಗೋ ಆ ಮಗನ ಮೇಲೆ ಕೆಂಡದಂಥ ಸಿಟ್ಟು. ಒಬ್ಬ ಮನುಷ್ಯನ ಕಣ್ಣಿನ ಸುದ್ದಿಯನ್ನು ಅವನಿಂದಲೇ ಮುಚ್ಚಿಡಲು ಇವನಿಗೇನು ಹಕ್ಕು? ಕುರುಡಾಗುವವನಿಗೆ ಕಾಣುವಷ್ಟು ದಿನದಲ್ಲಿ ನೋಡಿಕೊಳ್ಳಬೇಕಾದ್ದು ಏನೇನೋ ಇರುತ್ತದೆ. ನನಗೇನಾದರೂ ಆದರೆ ಮುಖಕ್ಕೆ ಮುಖ ಕೊಟ್ಟು ಹೇಳಿ, ಸುಳ್ಳು ಹೇಳಿದರೆ ಸುಮ್ಮನಿರುವವಳಲ್ಲ ಎಂದು ಮನೆಯವರ ಮುಂದೆಲ್ಲ ಭಾಷಣ ಬಿಗಿಯುತ್ತಿದ್ದೆ. ಮಗಳೂ ಕೇಳಿದ್ದಾಳೆ, ಒಂದಲ್ಲ ಹತ್ತು ಸಲ.

ಆ ಮಗಳು ಮೊನ್ನೆ ಡಾಕ್ಟರ ಕೋಣೆಯಿಂದ ಬಂದು ನನ್ನ ಪಕ್ಕದಲ್ಲಿ ಕೂತಳು. ಸದ್ದಿನಿಂದಲೇ ಗೊತ್ತಾಯಿತು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರಿಸುವುದು, ಅವಳು ಮಾತು ಕಲಿತಂದಿನಿಂದ ನಮ್ಮ ಮನೆಯ ಪದ್ಧತಿ ಇದು. ಎಲ್ಲ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಹೊರಳುವುದಿಲ್ಲ ಎನ್ನುತ್ತಾಳೆ. ನನ್ನನ್ನು ಕರೆಯುವುದೂ ಅಮ್ಮಾ ಎಂದೇ. ಡಾಕ್ಟರು ಏನೆಂದರು ಎಂದು ಕೇಳಿದೆ. ಅವಳು ನನ್ನ ಕೈ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

‘ಏನೂ ಇಲ್ಲವ್ವ. ಎಡಗಣ್ಣು ಚೆನ್ನಾಗೈತೆ ಅಂದ್ರು.’

ಒಂದು ತಪ್ಪಿಲ್ಲದ ಕನ್ನಡ. ಡಾಕ್ಟರ ಕೋಣೆಯಿಂದ ಬೆಂಚಿನವರೆಗೆ ಬರುವಾಗ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿರಬೇಕು. ಹುಟ್ಟಿದಾಗಿನಿಂದ ಅವಳು ನನ್ನನ್ನು ಅವ್ವ ಎಂದದ್ದು ಅದೇ ಮೊದಲು.

ನಿಜ ಹೇಳು ಎನ್ನಬೇಕಾಗಿತ್ತು. ‘ಸರಿಮ್ಮಾ’ ಎಂದೆ, ತಮಿಳಿನಲ್ಲಿ. ಆಮೇಲೆ ಯಾರೂ ಕರೆಯದಿದ್ದರೂ ಕಣ್ಣು ತೆರೆದೆ. ಹನಿ ಹಾಕಿದ ಕಣ್ಣಿಗೆ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಆದರೂ ಸಿಸ್ಟರ್ ಬಂದು ಗದರಿಸುವವರೆಗೆ ಅವಳ ಮುಖವನ್ನೇ ನೋಡುತ್ತಾ ಕೂತೆ.