ಶೇರು ಕಾಣೆಯಾದ ಪ್ರಕಟಣೆ

ಹಳೆಯ ಕಡತಗಳನ್ನು ವಿಲೇವಾರಿ ಮಾಡುವಾಗ ಕಳೆದ ವಾರ ಒಂದು ಜೆರಾಕ್ಸ್ ಹಾಳೆ ದೊರೆಯಿತು. ಮೇಲ್ಭಾಗದಲ್ಲಿ ಮಸಿಯ ಮುದ್ದೆಯಂತಾಗಿರುವ ನಾಯಿಯ ಚಿತ್ರ. ಕೆಳಗೆ ನಾನೇ ರಚಿಸಿದ ಹಿಂದಿ ಒಕ್ಕಣೆ. ಸದರಿ ಹಾಳೆಗೆ ಸಂಬಂಧಿಸಿದ ಸಂಗತಿಗಳನ್ನು ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಲೇಖನ ಬರೆದು ಅಭ್ಯಾಸವಿಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಎರಡು ಸಾವಿರದ ದಶಕದ ಆರಂಭದಲ್ಲಿ ನಾವು ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಮೊದಲ ಮಹಡಿಯ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಕೆಳಮನೆಯಲ್ಲಿ ಪಂಜಾಬಿನ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಒಂಟಿಯಾಗಿದ್ದರು. ಎಲ್ಲರಿಗೂ ಅವರು ಮೇಡಂಜಿ. ಜೊತೆಗಿದ್ದದ್ದು ಶೇರು ಎಂಬ ಕಂದು ನಾಯಿ ಮಾತ್ರ. "ಹೆಸರು ಸಿಂಹದ್ದು, ಎದೆ ಗುಬ್ಬಚ್ಚಿಯದು" ಎಂದು ಅವರೇ ಹಿಂದಿಯಲ್ಲಿ ಹೇಳಿ ನಗುತ್ತಿದ್ದರು. ಕುಕ್ಕರ್ ಕೂಗಿದರೂ ಅದು ಮಂಚದಡಿ ಸೇರುತ್ತಿತ್ತು.

ದೀಪಾವಳಿ ಬಂತೆಂದರೆ ಮೇಡಂಜಿ ಕಿಟಕಿಗಳಿಗೆ ರಜಾಯಿ ಕಟ್ಟುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಶೇರುವಿಗೆ ರೊಟ್ಟಿ ತಿನ್ನಿಸಿ, ಒಳಕೋಣೆಯಲ್ಲಿ ರೇಡಿಯೋ ಹಚ್ಚಿ, ಅದರ ಪಕ್ಕದಲ್ಲಿ ತಾವೂ ನೆಲದ ಮೇಲೆ ಕೂರುತ್ತಿದ್ದರು. ಯಾರ ಮನೆಗೂ ಹಬ್ಬಕ್ಕೆ ಹೋದವರಲ್ಲ. ಆ ದಿನಗಳಲ್ಲಿ ಅದನ್ನು ಹೊರಗೆ ಸುತ್ತಾಡಿಸುತ್ತಿದ್ದುದು ನಸುಕಿನಲ್ಲಿ ಮಾತ್ರ. "ಆಗ ದಿಲ್ಲಿ ಮಲಗಿರುತ್ತದೆ, ಬೇಟಾ."

ಆ ವರ್ಷವೂ ಮನೆಮನೆಗೆ ವಿಚಾರಿಸುತ್ತಾ ನಮ್ಮಲ್ಲಿಗೂ ಬಂದರು.

"ಸಂಜೆ ನಿಮ್ಮದೇನೂ ಪಟಾಕಿ ಇಲ್ಲ ತಾನೆ? ಪಕ್ಕಾ?"

"ಪಕ್ಕಾ, ಮೇಡಂಜಿ. ಸಂಜೆ ನಾವು ಹಚ್ಚುವುದೇ ಇಲ್ಲ."

ನಾನು ಕೊಟ್ಟ ಭರವಸೆಯಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ ಮುಗಿಸಿ ಪಟಾಕಿ ಹಚ್ಚುವ ವಾಡಿಕೆಯಿದೆಯೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಸಬೇಕೆಂದು ನನಗೂ ತೋಚಲಿಲ್ಲ...

ಮರುದಿನವೇ ಚತುರ್ದಶಿ. "ರೀ, ಶಾಸ್ತ್ರಕ್ಕೆ ಒಂದಾದ್ರೂ ಹಚ್ಚಿ ಬನ್ನಿ. ಇಲ್ದಿದ್ರೆ ಹಬ್ಬ ಅನ್ಸೋದೇ ಇಲ್ಲ" ಎಂದಳು ನನ್ನ ಹೆಂಡತಿ. ಮೇಡಂಜಿಯವರ ಕಿಟಕಿಗೆ ಶಬ್ದ ತಾಗದಿರಲೆಂದು ನಾನು ಒದ್ದೆತಲೆಯಲ್ಲೇ ಹಿಂದಿನ ಪಾರ್ಕಿನ ಮೂಲೆಗೆ ಹೋದೆ. ಮಂಜು ಕವಿದಿತ್ತು. ಒಂದೇ ಒಂದು ಹಚ್ಚಿದೆ. ಅದು ಸಿಡಿದ ಮರುಕ್ಷಣ ಮಂಜಿನೊಳಗಿಂದ "ಶೇರು! ಶೇರು!" ಎಂಬ ಕೂಗು ಕೇಳಿಸಿತು. ಕೊರಳಪಟ್ಟಿಯಿಂದ ತಲೆ ನುಣುಚಿಸಿಕೊಂಡ ನಾಯಿ ದೊಡ್ಡ ರಸ್ತೆಯತ್ತ ಓಡುತ್ತಿತ್ತು. ನಾನೂ ಓಡಿದೆ. ಸಿಗಲಿಲ್ಲ.

ಮಧ್ಯಾಹ್ನ ಮೇಡಂಜಿ ಬರಿಯ ಕೊರಳಪಟ್ಟಿಯನ್ನು ಕೈಗೆ ಸುತ್ತಿಕೊಂಡು ಬಂದರು. "ಯಾರೋ ಪಾಪಿಗಳು... ಸದ್ಯ, ನಿನ್ನಂಥವರೂ ಇದ್ದಾರೆ. ಕರೆಯದೆಯೇ ಓಡಿಬಂದೆ. ನೀನು ಸರ್ಕಾರಿ ಮನುಷ್ಯ, ಒಂದು ನೋಟಿಸ್ ಬರೆದುಕೊಡು ಬೇಟಾ."

ಬರೆದುಕೊಟ್ಟೆ. ಬಣ್ಣ, ಎತ್ತರ, ಗುರುತು, ಎಲ್ಲವನ್ನೂ ಕ್ರಮವಾಗಿ ನಮೂದಿಸಿದೆ. ಕಾರಣವೆಂಬಲ್ಲಿ, ಅಪರಿಚಿತ ವ್ಯಕ್ತಿಗಳು ಸಿಡಿಸಿದ ಪಟಾಕಿ ಎಂದು ಬರೆದೆ. ಒಂದು ಚಿತ್ತೂ ಬೀಳಲಿಲ್ಲ, ಅದೇ ಇಂದಿಗೂ ಬಾಧಿಸುತ್ತದೆ.

ಇಬ್ಬರೂ ಸೇರಿ ಹಾಲಿನ ಬೂತು, ಬಸ್ ನಿಲ್ದಾಣಗಳಲ್ಲೆಲ್ಲ ಅಂಟಿಸಿದೆವು. ಶೇರು ಬರಲಿಲ್ಲ. ಆ ವರ್ಷ ಮೇಡಂಜಿ ಕಿಟಕಿಯ ರಜಾಯಿಗಳನ್ನು ಚಳಿಗಾಲ ಮುಗಿದರೂ ಬಿಚ್ಚಲಿಲ್ಲ. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದೆ... ಎರಡು ವರ್ಷಗಳ ನಂತರ ಅವರು ತಂಗಿಯ ಊರಿಗೆ ಹೊರಟುಹೋದರು. ಅಲ್ಲಿಯೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು.

ಈಗ ನಮ್ಮ ಮನೆಯಲ್ಲಿ ಎಣ್ಣೆಸ್ನಾನವಷ್ಟೇ ಇದೆ. ಸದರಿ ಪ್ರಕಟಣೆಗೆ ಒಂದು ತಿದ್ದುಪಡಿ ಬಾಕಿಯಿತ್ತು. ಅಪರಿಚಿತ ವ್ಯಕ್ತಿಗಳು ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಮೇಲ್ಮನೆಯವನು ಎಂದು ಓದಿಕೊಳ್ಳಬೇಕು. ಇದನ್ನು ಬರೆಯುವ ಧೈರ್ಯ ಬಂದದ್ದು ಈಗ, ಅದೂ ಅವರಿಗೆ ಓದಲು ಬಾರದಿದ್ದ ಭಾಷೆಯಲ್ಲಿ.