ಸರತಿಯಲ್ಲಿ ಹಂಚಿದ ಬೇಸನ್ ಉಂಡಿ

ಸಿಡ್ನಿಯಲ್ಲಿ ನಾನು ಮತದಾರರಿಗೆ ಲಂಚ ಕೊಟ್ಟೆ. ಮತಗಟ್ಟೆಯ ಅಧಿಕಾರಿ ಅದನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ, ಉಂಡಿ ಮಾಡುವ ವಿಧಾನ ಕೇಳುತ್ತಿದ್ದಾರೆ ಎಂದುಕೊಂಡು ನಾನು ನಗುನಗುತ್ತಲೇ ಕಿವಿಗೊಟ್ಟಿದ್ದೆ. "ವೋಟು ಹಾಕಲು ಬಂದವರಿಗೆ ತಿಂಡಿ ಕೊಟ್ಟು ವೋಟು ಕೇಳುವುದು ಇಲ್ಲಿ ಅಪರಾಧ. ದಯವಿಟ್ಟು ಡಬ್ಬಿ ಮುಚ್ಚಿ," ಎಂದರು ಆಕೆ. ನಮ್ಮ ಪಕ್ಕದ ಫ್ಲ್ಯಾಟಿನ ಕಾಲಿನ್ ಎಂಬ ಮುದುಕರು ಸರತಿಯಲ್ಲೇ ಇದ್ದರು. ಬಾಯಿಯ ಹತ್ತಿರ ಒಯ್ದಿದ್ದ ಉಂಡಿಯನ್ನು ಕೆಳಗಿಳಿಸಿ, ಕಳ್ಳಮಾಲು ಒಪ್ಪಿಸಿದಂತೆ ನನ್ನ ಡಬ್ಬಿಗೆ ವಾಪಸು ಹಾಕಿದರು. ಆ ಸದ್ದು ಈಗಲೂ ನನಗೆ ಕೇಳಿಸುತ್ತದೆ.

ಅಲ್ಲಿಗೆ ಡಬ್ಬಿ ಹಿಡಿದುಕೊಂಡು ಯಾಕೆ ಹೋಗಿದ್ದೆ ಎಂದು ನೀವು ಕೇಳಬಹುದು. ನಾವು ಮೊದಲು ಇದ್ದದ್ದು ಮೆಲ್ಬರ್ನ್‌ನಲ್ಲಿ. ಸಿಡ್ನಿಯ ವೆಸ್ಟ್‌ಮೀಡ್‌ನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಗಂಡ ಗಿರೀಶನ ಕೆಲಸ ಮೆಲ್ಬರ್ನ್‌ನಲ್ಲೇ ಉಳಿಯಿತು. ಅವನು ರಜೆ ಸಿಕ್ಕಾಗ ವಿಮಾನ ಹತ್ತಿ ಬರುತ್ತಾನೆ. ಮಗಳು ಅನಘಾ ನನ್ನ ಜೊತೆ ಬಂದಳು. ಮೆಲ್ಬರ್ನ್‌ನ ಮನೆಯ ಮೇಲಿನ ಮಹಡಿಯಲ್ಲೇ ಮೈಸೂರಿನವರಿದ್ದರು. ಮಗಳು ಶಾಲೆಯಿಂದ ನೇರ ಅವರ ಮನೆಗೆ ಹೋಗಿ ಆಂಟಿಯ ಕೈಯ ದೋಸೆ ತಿಂದು ಬರುತ್ತಿದ್ದಳು. ಇಲ್ಲಿ ಯಾರೂ ಇರಲಿಲ್ಲ. ನಾನು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅವಳು ಯೂನಿಫಾರ್ಮ್ ಕೂಡ ಬಿಚ್ಚದೆ, ಲೈಟು ಹಾಕದೆ ಸೋಫಾದ ಮೇಲೆ ಕೂತಿರುತ್ತಿದ್ದಳು. ಏನು ಕೇಳಿದರೂ "ಫೈನ್" ಅನ್ನುವುದೊಂದೇ ಉತ್ತರ. ಹದಿಮೂರರ ಹುಡುಗಿ ಮಾತು ನಿಲ್ಲಿಸಿದರೆ ಎಷ್ಟು ಹೆದರಿಕೆಯಾಗುತ್ತದೆ ಎಂಬುದು ಹೆತ್ತವರಿಗೆ ಗೊತ್ತು.

ಧಾರವಾಡದಲ್ಲಿ ನಾನು ಆ ವಯಸ್ಸಿನಲ್ಲಿ ಮುನಿಸಿಕೊಂಡರೆ ಎದುರು ಮನೆಯ ಮಾಂವಶಿ ಕರೆದು, ಅವಲಕ್ಕಿ ಕೊಟ್ಟು, ಬಾಯಿ ಬಿಡಿಸುತ್ತಿದ್ದಳು. ಇಲ್ಲಿ ಆ ಕೆಲಸಕ್ಕೆ ಸಂಬಳ ಕೊಟ್ಟು ಜನರನ್ನು ಇಟ್ಟಿದ್ದಾರೆ. ಅವರಿಗೆ ಯೂತ್ ವರ್ಕರ್ ಎನ್ನುತ್ತಾರೆ. ಕೌನ್ಸಿಲ್, ಅಂದರೆ ನಮ್ಮ ಮುನಿಸಿಪಾಲಿಟಿ ಇದ್ದ ಹಾಗೆ, ಲೈಬ್ರರಿಯ ಹಿಂದೆ ಒಂದು ಯೂತ್ ಸೆಂಟರ್ ನಡೆಸುತ್ತದೆ. ಅನಘಾ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗತೊಡಗಿದಳು. ಅಲ್ಲಿನ ಟೆಸ್ ಎಂಬ ಯೂತ್ ವರ್ಕರ್ ನನ್ನ ಮಗಳಿಗೆ ಏನನ್ನೂ ಕೇಳಲಿಲ್ಲವಂತೆ. ಟೋಸ್ಟ್ ಮಾಡಿ ಕೊಟ್ಟು, ಇಸ್ಪೀಟು ಹಾಕಿ ಎದುರಿಗೆ ಕೂತರಂತೆ. ಕೆಲವು ವಾರಗಳಾದ ಮೇಲೆ ಅನಘಾ ನನ್ನೊಡನೆ ಜಗಳವಾಡಿದಳು, ಬಾಗಿಲು ಬಡಿದಳು. ನಾನು ಅಡುಗೆಮನೆಯಲ್ಲಿ ನಿಂತು ಖುಷಿಯಿಂದ ಅತ್ತೆ.

ಆ ಸೆಂಟರೇ ಮುಚ್ಚುವ ಮಾತು ಬಂತು. ಕೌನ್ಸಿಲ್ ಬಳಿ ದುಡ್ಡು ಸಾಲದು. ಹಾಗಾಗಿ ಕೌನ್ಸಿಲ್ ಚುನಾವಣೆಯ ದಿನ ಜನರಿಗೆ ಇನ್ನೊಂದು ಹಾಳೆಯನ್ನೂ ಕೊಟ್ಟು ಕೇಳುವುದೆಂದು ತೀರ್ಮಾನವಾಯಿತು: ಮಕ್ಕಳ ಮತ್ತು ಹದಿಹರೆಯದವರ ಸೇವೆಗಳಿಗಾಗಿ ಮನೆ ತೆರಿಗೆ ಸ್ವಲ್ಪ ಹೆಚ್ಚಿಸಲು ಒಪ್ಪಿಗೆಯೇ? ಯೆಸ್ ಅಥವಾ ನೋ. ನೋ ಗೆದ್ದರೆ ಲೈಬ್ರರಿ ಹಿಂದಿನ ಆ ಬಾಗಿಲಿಗೆ ಬೀಗ. ನಮ್ಮೂರಲ್ಲಿ ತೆರಿಗೆ ಏರಿಸುವಾಗ ಯಾರಾದರೂ ನಮ್ಮನ್ನು ಕೇಳಿದ್ದುಂಟೇ? ಇಲ್ಲಿ ಕೇಳುತ್ತಾರೆ, ಆದರೆ ನನ್ನನ್ನಲ್ಲ. ನನ್ನದು ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ. ಇಲ್ಲಿ ಬದುಕಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು. ವೋಟು ಮಾತ್ರ ನಾಗರಿಕರಿಗೆ. ನನ್ನ ಮಗಳ ಸಂಜೆಗಳು ಏನಾಗಬೇಕೆಂದು ಮಕ್ಕಳು ದೊಡ್ಡವರಾಗಿ ಹೋದ ಕಾಲಿನ್ ಹೇಳಬಹುದು, ನಾನು ಹೇಳುವಂತಿಲ್ಲ.

ಮತಗಟ್ಟೆಯ ಮುಂದೆ ಯೆಸ್ ಚೀಟಿ ಹಂಚಲು ಜನ ಬೇಕೆಂದು ಟೆಸ್ ಕೇಳಿದಾಗ ಅನಘಾ ನಮ್ಮಿಬ್ಬರ ಹೆಸರನ್ನೂ ಕೊಟ್ಟು ಬಂದಳು. ನನಗೋ ಸಂಕೋಚ. ನನ್ನ ಮಗಳಿಗಾಗಿ ನೀವು ಹೆಚ್ಚು ತೆರಿಗೆ ಕಟ್ಟಿ ಎಂದು ಗುರುತಿಲ್ಲದವರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ಬಾಣಂತಿಯನ್ನು ನೋಡಲು ಹೋದರೂ, ಮದುವೆಗೆ ಕರೆಯಲು ಹೋದರೂ ಕೈಯಲ್ಲಿ ಏನಾದರೂ ಇರಬೇಕೆಂದು ಕಲಿತು ಬೆಳೆದವಳು ನಾನು. ಹ್ಯಾರಿಸ್ ಪಾರ್ಕ್‌ನ ನಮ್ಮವರ ಅಂಗಡಿಯಿಂದ ಕಡಲೆಹಿಟ್ಟು, ತುಪ್ಪ ತಂದು ಬೇಸನ್ ಉಂಡಿ ಕಟ್ಟಿದೆ. ಮತಗಟ್ಟೆ ಇರುವುದು ಶಾಲೆಯಲ್ಲಿ, ಮಕ್ಕಳ ಅಲರ್ಜಿಯ ಭಯಕ್ಕೆ ಶಾಲೆಯೊಳಗೆ ಶೇಂಗಾ ತರಬಾರದು ಎಂದು ನೆನಪಿಟ್ಟುಕೊಂಡು ಶೇಂಗಾ ಉಂಡಿ ಬಿಟ್ಟು ಬೇಸನ್ ಆರಿಸಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಗೇಟಿನ ಬಳಿ ಶಾಲೆಯ ಪೋಷಕರು ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿಟ್ಟು ಮಾರುತ್ತಿದ್ದರು. ಚುನಾವಣೆಯ ದಿನ ಅದು ಇಲ್ಲಿನ ವಾಡಿಕೆ. ತಿನ್ನುವ ಜನರನ್ನು ಕಂಡು ನನಗೆ ಧೈರ್ಯ ಬಂತು. ಅವರು ಮಾರುತ್ತಿದ್ದಾರೆ, ಯಾರ ಪರವಾಗಿಯೂ ಅಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಉಂಡಿ. "ಪ್ಲೀಸ್ ವೋಟ್ ಯೆಸ್."

ಅಧಿಕಾರಿ ಬಂದದ್ದು ಆಗ. ಅನಘಾಳ ಮುಖ ಕೆಂಪಾಗಿತ್ತು. "ಅಮ್ಮಾ, ಜಸ್ಟ್ ಗೋ ಹೋಮ್," ಅಂದಳು, ನನ್ನ ಕಡೆ ನೋಡದೆ. ಅಷ್ಟರಲ್ಲಿ ನೋ ಪರವಾಗಿ ನಿಂತಿದ್ದವನೊಬ್ಬ ಫೋಟೋ ತೆಗೆದಿದ್ದ. ಮಧ್ಯಾಹ್ನದೊಳಗೆ ಅದು ನಮ್ಮ ಸಬರ್ಬ್‌ನ ಫೇಸ್‌ಬುಕ್ ಗುಂಪಿನಲ್ಲಿತ್ತು. ಸಿಹಿ ಹಂಚಿ ವೋಟು ಕೊಳ್ಳುತ್ತಿದ್ದಾರೆ ಎಂದು ಒಬ್ಬರು ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು, ಅವರ ದೇಶದಲ್ಲಿ ಹೀಗೇ ಅಲ್ಲವೇ, ಎಂದು.

ಆ ಸಾಲು ನನ್ನನ್ನು ಸುಟ್ಟಿತು. ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ವಾರ್ಡಿನ ಉಮೇದುವಾರರು ಓಣಿಯ ಮನೆಮನೆಗೂ ಕುಕ್ಕರ್ ಕಳಿಸಿದ್ದರು. ನನ್ನ ಅವ್ವ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. "ತೊಗೊಂಡ್ ಹೋಗ್ರಪಾ. ನನ್ನ ಓಟಿನ್ಯಾಗ ಬ್ಯಾಳಿ ಬೇಯಂಗಿಲ್ಲ," ಅಂದಿದ್ದಳು. ನಮ್ಮ ಮನೆಯ ತಳ ಸುಟ್ಟ ಪಾತ್ರೆ ನೋಡಿ ನನಗೆ ಆಗ ಅವ್ವನ ಮೇಲೆ ಸಿಟ್ಟು ಬಂದಿತ್ತು. ದೊಡ್ಡವಳಾದ ಮೇಲೆ ಆ ಕಥೆಯನ್ನು ಎಲ್ಲೆಡೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಅಂಥವಳ ಮಗಳು ನಾನು. ಅದನ್ನು ಯಾವ ಫೇಸ್‌ಬುಕ್ ಗುಂಪಿಗೆ ಹೇಳಲಿ? ಹೇಳಿದರೂ ಫೋಟೋದಲ್ಲಿ ಡಬ್ಬಿ ನನ್ನ ಕೈಯಲ್ಲೇ ಇತ್ತು.

ಅಂಚೆ ವೋಟುಗಳೂ ಬರಬೇಕಾದ್ದರಿಂದ ಎಣಿಕೆ ದಿನಗಟ್ಟಲೆ ಎಳೆಯಿತು. ಅನಘಾ ಮತ್ತೆ "ಫೈನ್"ಗೆ ಮರಳಿದ್ದಳು. ಸೆಂಟರ್ ಮುಚ್ಚಿದರೆ ಅದಕ್ಕೆ ನಾನೇ ಕಾರಣ ಎಂದು ಅವಳು ಹೇಳಲಿಲ್ಲ, ಹೇಳಿಬಿಟ್ಟಿದ್ದರೆ ವಾಸಿಯಿತ್ತು. ಕಾಲಿನ್ ಎದುರಾದಾರೆಂದು ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದೆ. ಟೆಸ್‌ಗೆ ಸಾರಿ ಎಂದು ಮೆಸೇಜ್ ಹಾಕಿ, ಉತ್ತರ ಬಂದಾಗ ತೆರೆಯಲು ಹೆದರಿದೆ. ಸಂಜೆಯವರೆಗೆ ಬಿಟ್ಟು ನೋಡಿದರೆ, ಉಂಡಿ ಉಳಿದಿದೆಯೇ ಎಂದು ಕೇಳಿದ್ದರು.

ಯೆಸ್ ಗೆದ್ದಿತು. ದೊಡ್ಡ ಅಂತರವೇನಲ್ಲ, ಆದರೂ ಗೆದ್ದಿತು. ನಾನು ಹೆಸರು ಕೇಳದ, ಮುಖ ನೋಡದ ಜನ ನನ್ನ ಮಗಳಿಗಾಗಿ ತಮ್ಮ ಜೇಬಿಗೆ ಕೈಹಾಕಿದ್ದರು. ಸುದ್ದಿ ಓದಿ ಮೊದಲು ಖುಷಿಯಾಯಿತು. ಆಮೇಲೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಕೊಡುವವರಿಗೆ ಕೊಡುವ ಮನಸ್ಸಿತ್ತು; ನಂಬದೆ ಉಂಡಿ ಕಟ್ಟಿಕೊಂಡು ಹೋದವಳು ನಾನು.

ಸೆಂಟರಿನ ಸಂತೋಷ ಕೂಟಕ್ಕೆ ಎಲ್ಲರೂ ಒಂದೊಂದು ತಿಂಡಿ ತರಬೇಕಿತ್ತು. ಬೇಕರಿಯ ಕೇಕ್ ಕೊಂಡರಾಯಿತು ಅಂದುಕೊಂಡಿದ್ದೆ. ಅನಘಾ ಡಬ್ಬಿ ತೊಳೆದು ಒಲೆಯ ಪಕ್ಕ ಇಟ್ಟು, ಎಷ್ಟೋ ತಿಂಗಳ ಮೇಲೆ ಕನ್ನಡದಲ್ಲಿ, "ಉಂಡಿನೇ ಮಾಡು," ಅಂದಳು.

ಅಲ್ಲಿಗೆ ಕಾಲಿನ್ ಕೂಡ ಬಂದಿದ್ದರು. ತಾವೇ ಡಬ್ಬಿಗೆ ಕೈಹಾಕಿ ಒಂದನ್ನು ತಿಂದರು. ಇನ್ನೊಂದು ತೆಗೆದುಕೊಂಡರು. "ನಾನು ನೋ ಹಾಕಿದ್ದೆ," ಎಂದರು. "ಪಿಂಚಣಿಯಲ್ಲಿ ಬದುಕುವವನಮ್ಮ. ಈ ಉಂಡಿ ತಿಂದಿದ್ದರೂ ನೋ ಎಂದೇ ಹಾಕುತ್ತಿದ್ದೆ. ಆದರೆ ತುಂಬ ಚೆನ್ನಾಗಿದೆ." ಅವ್ವ ಕುಕ್ಕರ್ ತಂದವರಿಗೆ ಹೇಳಿದ್ದ ಮಾತೇ ಅದು. ಈ ಸಲ ಕುಕ್ಕರ್ ಹೊತ್ತು ನಿಂತವಳು ನಾನಾಗಿದ್ದೆ. ಮೂರನೆಯದನ್ನು ಅವರ ಕೈಗಿಟ್ಟೆ.

ಇಲ್ಲಿ ವೋಟು ಬೇಕಾದರೆ ನಾನು ನಾಗರಿಕಳಾಗಬೇಕು. ಆದರೆ ಆಗ ಭಾರತದ ಪೌರತ್ವ ಹೋಗುತ್ತದೆ; ಅವ್ವ ಕಾಪಾಡಿಕೊಂಡ ಆ ವೋಟಿನಲ್ಲಿ ನನಗಿರುವ ಪಾಲನ್ನು ಬಿಟ್ಟುಕೊಡಬೇಕು. ಸದ್ಯಕ್ಕೆ ಎರಡೂ ಕಡೆ ನನ್ನ ಬೆರಳು ಖಾಲಿ.

ಭಾನುವಾರ ಅವ್ವ ಫೋನ್ ಮಾಡಿದ್ದಳು. "ಅಲ್ಲೆ ಎಲೆಕ್ಷನ್ ಇತ್ತಂತಲ್ಲ, ಓಟು ಹಾಕಿದೇನು?"

"ನನಗ ಇಲ್ಲೆ ಓಟಿಲ್ಲ ಬೇ."

"ಮತ್ತ ಅವತ್ತ ಏನ್ ಮಾಡಿದಿ?"

"ಬೇಸನ್ ಉಂಡಿ ಮಾಡಿದ್ದೆ."

"ಛಲೋ ಆತು," ಅಂದಳು ಅವ್ವ. "ಮಂದಿಗೂ ಒಂದೀಟು ಕೊಟ್ಟಿ ಇಲ್ಲ?"

"ಕೊಟ್ಟೆ," ಅಂದೆ.